ಕೂತಾಗ ನೋವಿಲ್ಲ

ಮೊಣಕಾಲಿನ ನೋವಿಗೆ ಐದು ಅಳತೆ ಸಾಕು ಎಂದು ಮೊದಲು ತೀರ್ಮಾನಿಸಿದವರು ಯಾರೋ ನನಗೆ ಗೊತ್ತಿಲ್ಲ. ನಮ್ಮ ಕಡೆಯವರಂತೂ ಇರಲಾರರು. ‘ಇಲ್ಲ, ಸ್ವಲ್ಪ, ಮಧ್ಯಮ, ಜಾಸ್ತಿ, ತಡೆಯಲಾರದಷ್ಟು. ಇವುಗಳಲ್ಲಿ ಯಾವುದು?’ ಎಂದು ಕೇಳಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಬಸ್ಸು ಹತ್ತಿ ಇಳಿಯುವುದು ನನ್ನ ಉದ್ಯೋಗ. ಮೊಣಕಾಲಿನ ಕೀಲು ಸವೆದು, ನಮ್ಮ ಆಸ್ಪತ್ರೆಯಲ್ಲಿ ಹೊಸ ಕೀಲು ಹಾಕಿಸಿಕೊಂಡವರು ಊರಿಗೆ ಹೋದ ಮೇಲೆ ಹೇಗಿದ್ದಾರೆ ಎಂಬುದರ ಮೇಲೆ ಒಂದು ಅಧ್ಯಯನ ನಡೆಯುತ್ತಿದೆ. ಆಸ್ಪತ್ರೆಗೆ ಬಂದಾಗ ಹೇಗಿದ್ದಾರೆ ಎನ್ನುವುದು ವೈದ್ಯರ ಕಣ್ಣಿಗೇ ಬೀಳುತ್ತದೆ. ಮನೆಯಲ್ಲಿ, ಒಲೆಯ ಮುಂದೆ, ಹಿತ್ತಲಲ್ಲಿ, ಹೊಲದ ಬದುವಿನ ಮೇಲೆ ಹೇಗಿದ್ದಾರೆ ಎಂದು ನೋಡಿಕೊಂಡು ಬರಲು ನಾನು. ಯಾರ ಹೆಸರನ್ನೂ ಎಲ್ಲಿಯೂ ಆಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅವರು ನನ್ನ ಮುಂದೆ ಬಾಯಿ ಬಿಡುವುದು. ಇಲ್ಲಿಯೂ ಆ ಮಾತನ್ನು ಉಳಿಸಿಕೊಳ್ಳುತ್ತೇನೆ.

ನಾನು ಬೆಳೆದದ್ದು ನ್ಯಾಮತಿ ಕಡೆಯ ಅಜ್ಜಿಯ ಮನೆಯಲ್ಲಿ. ಆಕೆ ನೋವಿಗೆಲ್ಲ ಒಂದೇ ಹೆಸರಿಟ್ಟು ಕರೆದವಳಲ್ಲ. ಸೆಳೆತ ಬೇರೆ, ಹಿಡಿತ ಬೇರೆ, ಚಳಕು ಬೇರೆ, ಜೋಮು ಬೇರೆ. ‘ಮಧ್ಯಮ’ ಎಂಬುದೊಂದು ಆಕೆಯ ಲೆಕ್ಕದಲ್ಲಿ ಇರಲೇ ಇಲ್ಲ. ಹಾಗಾಗಿ ಸವಳಂಗದಲ್ಲಿ ಕೂಲಿಗೆ ಹೋಗುವ ಒಬ್ಬಾಕೆ ‘ಮಧ್ಯಮ ಅಂದ್ರೆ ಏನವ್ವಾ, ಬಳೆ ಅಳತೇನಾ?’ ಎಂದು ಕೇಳಿದಾಗ ನನಗೆ ನಗು ಬಂದಿತೇ ಹೊರತು ಆಶ್ಚರ್ಯವಾಗಲಿಲ್ಲ. ಉಬ್ರಾಣಿಯ ಯಜಮಾನರೊಬ್ಬರು ಎಲ್ಲ ಪ್ರಶ್ನೆಗಳಿಗೂ ‘ಇಲ್ಲ, ಇಲ್ಲ’ ಎನ್ನುತ್ತಾ ಹೋದರು. ನನ್ನನ್ನು ಕಳಿಸಿಕೊಡಲು ಏಳುವಾಗ ಮಾತ್ರ ಗೋಡೆ ಹಿಡಿದು ‘ಅಯ್ಯಪ್ಪಾ’ ಎಂದರು.

“ನೋವೇ ಇಲ್ಲ ಅಂದ್ರಲ್ಲ?” ಎಂದೆ.

“ಡಾಕ್ಟ್ರು ಅಷ್ಟು ಕಷ್ಟಬಿದ್ದು ಮಾಡ್ಯಾರೆ. ನೋವೈತೆ ಅಂತ ಹೆಂಗೆ ಹೇಳಾಕೆ ಆಗ್ತೈತವ್ವಾ? ಪಾಪ, ಬೇಜಾರು ಮಾಡ್ಕಂತಾರೆ.”

ಇಂಥವರನ್ನೆಲ್ಲ ಅರೆದು ಕುಡಿದಿದ್ದೇನೆ ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದ್ದು ಜಗಳೂರಿನಿಂದ ಒಂದಿಷ್ಟು ದೂರದ ಊರಿನ ಅತ್ತೆ ಸೊಸೆ.

ಸೊಸೆ ಎಂದರೆ ಈಗಷ್ಟೇ ಅಕ್ಕಿ ಸೇರು ಒದ್ದು ಒಳಗೆ ಬಂದ ಹುಡುಗಿ ಎಂದುಕೊಳ್ಳಬೇಡಿ. ಅರವತ್ತು ದಾಟಿದ, ಮೊಮ್ಮಗನ ಮದುವೆಯನ್ನೂ ಮಾಡಿ ಮುಗಿಸಿದ ಹೆಂಗಸು. ಆದರೆ ಅತ್ತೆ ಇನ್ನೂ ಗಟ್ಟಿಮುಟ್ಟಾಗಿರುವುದರಿಂದ ಆಕೆಗೆ ಸೊಸೆತನದಿಂದ ನಿವೃತ್ತಿ ಸಿಕ್ಕಿರಲಿಲ್ಲ. ಅತ್ತೆಗೆ ತೊಂಬತ್ತರ ಆಸುಪಾಸು. ಸೊಸೆಯ ಎರಡೂ ಮೊಣಕಾಲು ಸವೆದಿದ್ದವು. ಅತ್ತೆಯ ಎರಡೂ ಮೊಣಕಾಲು ನೆಟ್ಟಗಿದ್ದವು. ಇದನ್ನು ಊರಿನವರು ದೇವರ ತಮಾಷೆ ಎನ್ನುತ್ತಿದ್ದರು; ಅತ್ತೆ ಮಾತ್ರ ತಮ್ಮ ಸ್ವಂತ ಸಂಪಾದನೆ ಎನ್ನುತ್ತಿದ್ದರು.

ಸೊಸೆಯ ಬಲಗಾಲಿಗೆ ಹೊಸ ಕೀಲು ಬಿದ್ದು ತಿಂಗಳುಗಳಾಗಿದ್ದವು. ಎಡಗಾಲು ಬಾಕಿ ಇತ್ತು. ಬಲಗಾಲಿನ ಊತ ಇಳಿದು, ಅದು ಮೈಭಾರ ಹೊರಲು ಸಿದ್ಧವಾಗದೆ ಎಡಗಾಲಿಗೆ ಕೈ ಹಾಕುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಕೆಯ ಜೀವವೆಲ್ಲ ಆ ಎಡಗಾಲಿನ ಮೇಲೆ.

“ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡ್ಯಾರೆ, ಸರಿ. ಹತ್ತಾಕೆ ಕಾಲು ಬೇಕಲ್ಲವ್ವಾ? ಕಂಡಕ್ಟ್ರು ಮ್ಯಾಲಿಂದ ಜಗ್ಗಬೇಕು, ನನ್ನ ಮಗ ಹಿಂದಿಂದ ದಬ್ಬಬೇಕು. ಮೆಕ್ಕೆಜೋಳದ ಚೀಲ ಏರಿಸಿದಂಗೆ ಏರಿಸ್ತಾರೆ. ಬಸ್ಸಿನಾಗಿರೋರೆಲ್ಲ ನೋಡ್ತಿರ್ತಾರೆ. ನಾಚ್ಕೆ ಆಗ್ತೈತೆ,” ಎಂದು ಆಕೆ ಮೊದಲ ಸಲವೇ ಹೇಳಿಕೊಂಡಿದ್ದರು.

ಆದರೆ ಊತ ಇಳಿಯಲೊಲ್ಲದು. ಎಕ್ಸರೇಯಲ್ಲಿ ಕೀಲು ಅಚ್ಚುಕಟ್ಟಾಗಿ ಕೂತಿದೆ. ವ್ಯಾಯಾಮ ಹೇಳಿಕೊಡುವವರು ಬಗ್ಗಿಸಿದರೆ ಕಾಲು ಚೆನ್ನಾಗಿ ಬಗ್ಗುತ್ತದೆ. ಕೀವಿಲ್ಲ, ಜ್ವರವಿಲ್ಲ. ಆದರೂ ದಿನಾ ಸಂಜೆಯಾದರೆ ಕಾಲು ಹಲಸಿನ ಹಣ್ಣು. “ಮನೆಯಲ್ಲಿ ಏನೋ ಇದೆ. ನೋಡಿಕೊಂಡು ಬನ್ನಿ,” ಎಂದು ಡಾಕ್ಟರು ನನ್ನನ್ನು ಅಟ್ಟಿದರು.

ನಾನು ಹೋದಾಗ ಅತ್ತೆ ಪಡಸಾಲೆಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸೇಂಗಾ ಸುಲಿಯುತ್ತಿದ್ದರು. ಪಕ್ಕದಲ್ಲೇ ಕೈಯಿರುವ ಒಂದು ಪ್ಲಾಸ್ಟಿಕ್ ಕುರ್ಚಿ. ಆಸ್ಪತ್ರೆಯವರು ನೆಲದ ಮೇಲೆ ಕೂರಬಾರದು ಎಂದಿದ್ದಕ್ಕೆ ಸೊಸೆಯ ಮಗ ತನ್ನ ಅಮ್ಮನಿಗೆಂದೇ ತಂದದ್ದು. ಅದರ ಮೇಲೆ ಸೇಂಗಾ ಚೀಲ ಆರಾಮವಾಗಿ ಒರಗಿಕೊಂಡಿತ್ತು. ಸೊಸೆ ಚೀಲವನ್ನು ಇಳಿಸಿ, ಸೆರಗಿನಿಂದ ಕುರ್ಚಿ ಒರೆಸಿ ನನ್ನನ್ನು ಕೂರಿಸಿದರು. ತಾವು ಕಂಬಕ್ಕೆ ಒರಗಿ ನಿಂತರು.

ನಡೆಯುವಾಗ? ಸ್ವಲ್ಪ. ಮಲಗಿದಾಗ? ಸ್ವಲ್ಪ. ನಿಂತಾಗ? ಜಾಸ್ತಿ ಐತೆ ಕಣವ್ವಾ, ತಡೆಯಾಕಾಗಲ್ಲ.

“ಕೂತಾಗ?”

“ಇಲ್ಲ.”

“ಒಂಚೂರೂ?”

“ಒಂಚೂರೂ ಇಲ್ಲ.”

ಆಕೆ ಪ್ರತಿಸಲವೂ ಹೀಗೇ ಹೇಳುತ್ತಿದ್ದರು. ಕೂತಾಗ ನೋವಿಲ್ಲ ಎಂದರೆ ನಮ್ಮ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿ. ನಾನೂ ಸಂತೋಷದಿಂದ ಮುಂದಿನ ಪ್ರಶ್ನೆಗೆ ಹೊರಟಿದ್ದೆ. ಚಾಪೆಯ ಮೇಲಿನಿಂದ ಅತ್ತೆ ತಲೆಯೆತ್ತದೆ ಹೇಳಿದರು:

“ಕುಂತ್ರೆ ತಾನೇ ನೋಯೋದು!”

ನನಗೆ ಅರ್ಥವಾಗಲಿಲ್ಲ. ಅತ್ತೆ ಒಂದು ಸೇಂಗಾ ಬೀಜವನ್ನು ಬಾಯಿಗೆ ಎಸೆದುಕೊಂಡು ವಿವರಿಸಿದರು. “ಆಸ್ಪತ್ರಿಂದ ಬಂದಾಗಿಂದ ಅವಳು ಕುಂತಿದ್ದು ಯಾರು ನೋಡ್ಯಾರೆ? ಮಲಗ್ತಾಳೆ, ನಿಲ್ತಾಳೆ. ನೆಲದ ಮ್ಯಾಲೆ ಕುಂದ್ರಬ್ಯಾಡ ಅಂತ ನಿಮ್ಮ ಡಾಕ್ಟ್ರು ಅಂದಾರೆ. ಕುರ್ಚಿ ಮ್ಯಾಲೆ ಕುಂದ್ರಾಕೆ ಅವಳಿಗೇ ಮನಸ್ಸಿಲ್ಲ. ಇನ್ನ ಎಲ್ಲಿ ಕುಂದ್ರಬೇಕು, ತಾರಸಿ ಮ್ಯಾಲಾ?”

“ಯಾಕಮ್ಮಾ ಮನಸ್ಸಿಲ್ಲ?” ಎಂದು ಸೊಸೆಯನ್ನು ಕೇಳಿದೆ.

ಆಕೆ ಕಂಬವನ್ನು ಇನ್ನಷ್ಟು ಒತ್ತಿಕೊಂಡರು. ಅಷ್ಟೂ ತಿಳಿಯದೇ ಇವಳಿಗೆ ಎಂಬಂತೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು: “ಅತ್ತೆಮ್ಮಾರು ಚಾಪೆ ಮ್ಯಾಲೆ ಕುಂತಿರ್ತಾರೆ. ನಾನು ಅವರ ತಲೆ ಮ್ಯಾಲೆ ಕುರ್ಚಿ ಹಾಕ್ಕಂಡು ಹೆಂಗೆ ಕುಂದ್ರಲಿ?”

ಅಲ್ಲಿಗೆ ಊತದ ಕಾರಣ ಸಿಕ್ಕಿತು. ಬೆಳಗಿನಿಂದ ರಾತ್ರಿ ಮಲಗುವವರೆಗೆ ಈಕೆ ನಿಂತೇ ಇದ್ದಾರೆ. ನಿಂತೇ ರೊಟ್ಟಿ ಬಡಿದು, ನಿಂತೇ ಉಂಡು, ಟೀವಿಯ ಧಾರಾವಾಹಿಯನ್ನೂ ನಿಂತೇ ನೋಡಿ ಅಳುತ್ತಾರೆ. ‘ಕೂತಾಗ ನೋವೆಷ್ಟು’ ಎಂದು ಕೇಳಿದವರು ‘ಕೂರುತ್ತೀರಾ’ ಎಂದು ಕೇಳಿರಲಿಲ್ಲ. ಕೇಳಬೇಕೆಂದು ಯಾರಿಗಾದರೂ ಹೇಗೆ ಹೊಳೆಯಬೇಕು ಹೇಳಿ?

“ನಾನೇನು ಬ್ಯಾಡ ಅಂದೀನೇನೇ? ಕುಂದ್ರು ಅಂತ ದಿನಾ ಬಡ್ಕಂತೀನಿ,” ಎಂದರು ಅತ್ತೆ.

“ಅವರು ಅಂತಾರ‍್ರೀ. ಅನ್ನೋದು ಅವರ ದೊಡ್ಡತನ. ಹಂಗಂತ ಕುಂತುಬಿಟ್ರೆ?”

“ನೋಡಿದ್ಯಾ? ಮರ್ಯಾದೆ ಕೊಟ್ಟು ಕೊಟ್ಟೇ ನನ್ನ ಹೆಸರು ಕೆಡಿಸ್ತಾಳೆ. ನಾಳೆ ಊರಾಗೆ ಏನಂತಾರೆ? ಮುದುಕಿ ಸೊಸೇನ ನಿಂದ್ರಿಸೇ ಸಾಯಿಸಿದಳು ಅಂತಾರೆ!”

ಇದಕ್ಕೆ ನನ್ನಲ್ಲಿ ಒಂದು ಸುಲಭ ಪರಿಹಾರವಿತ್ತು. ಅತ್ತೆಗೂ ಒಂದು ಕುರ್ಚಿ ಹಾಕಿದರಾಯಿತು. ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಪಡಸಾಲೆಯಲ್ಲಿ ಸೇಂಗಾ ಸಿಪ್ಪೆಯ ಸದ್ದು ನಿಂತಿತು.

“ಕುರ್ಚಿ ಯಾರಿಗೆ ಬೇಕವ್ವಾ?” ಅತ್ತೆ ನಿಧಾನವಾಗಿ ಕೇಳಿದರು. “ಆಫೀಸರಿಗೆ ಬೇಕು. ಇಲ್ಲ, ಮೊಣಕಾಲು ಹೋದೋರಿಗೆ ಬೇಕು. ನಾನು ಆಫೀಸರ್ ಏನು?” ಹಾಗೆಂದು ಕೈಯೂರದೆ, ಗೋಡೆ ಹಿಡಿಯದೆ, ಕೂತಲ್ಲಿಂದ ಒಂದೇ ಏಟಿಗೆ ಎದ್ದು ನಿಂತರು. ಮತ್ತೆ ಹಾಗೇ ಕೂತರು. ಇನ್ನೊಮ್ಮೆ ಎದ್ದರು. “ಬರ್ಕಂಡ್ಯೇನು?” ಎಂದರು.

ನಾನು ಬರೆದುಕೊಂಡೆ. ನನ್ನ ಮೊಣಕಾಲಿಗೇ ಅದು ಆಗದ ಕೆಲಸ.

ಅದಾದ ಮೇಲೆ ಅತ್ತೆ ಒಂದು ತ್ಯಾಗವನ್ನೂ ಮಾಡಿ ನೋಡಿದರು. “ನಾನೇ ಹೊರಗೆ ಹೋಗ್ತೀನಿ, ನೀನು ಒಳಗೆ ಕುಂದ್ರು” ಎಂದು ಚಾಪೆ ಸುತ್ತಿಕೊಂಡು ಬೀದಿಯ ಕಟ್ಟೆಗೆ ಹೋದರು. ಸೊಸೆ ನನ್ನ ಒತ್ತಾಯಕ್ಕೆ ಕುರ್ಚಿಯ ಅಂಚಿಗೆ ಸೊಂಟ ತಾಗಿಸಿದರು. ತಾಗಿಸಿದ್ದೇ ಹೊರಗಿನಿಂದ ಒಂದು ಕೆಮ್ಮು ಕೇಳಿಸಿತು. “ಅತ್ತೆಮ್ಮಾ, ನೀರು ಬೇಕಾ?” ಎನ್ನುತ್ತಾ ಆಕೆ ಎದ್ದು ಕುಂಟುತ್ತಾ ಹೊರಟೇ ಬಿಟ್ಟರು. ಆ ಕೆಮ್ಮು ಪಕ್ಕದ ಮನೆಯವರದು.

ಡಾಕ್ಟರಿಗೆ ಇದನ್ನೆಲ್ಲ ವರದಿ ಮಾಡಿದೆ. ಅವರು ಹೊನ್ನಾಳಿ ಕಡೆಯವರು. ಇಂಗ್ಲಿಷಿನಲ್ಲಿ ಕೇಳಲು ಶುರು ಮಾಡಿದವರು ಅರ್ಧದಲ್ಲಿ ಕನ್ನಡಕ್ಕೆ ಬಂದು, ಕೊನೆಗೆ ಕನ್ನಡಕ ತೆಗೆದಿಟ್ಟು ನಕ್ಕರು. “ನಮ್ಮಮ್ಮನೂ ನಮ್ಮಜ್ಜಿ ಮುಂದೆ ಹಾಗೇ ಕಣ್ರೀ. ಇದಕ್ಕೆ ಯಾವ ಮಾತ್ರೆ ಬರೆಯೋದು?” ಎಂದರು. ನಗು ಮುಗಿದ ಮೇಲೆ ಮುಖ ಗಂಭೀರವಾಯಿತು. “ಆದರೆ ಹೀಗೇ ನಿಂತಿದ್ದರೆ ಊತ ಇಳಿಯೋಲ್ಲ. ಎಡಗಾಲು ಮಾಡಿಬಿಟ್ಟರೆ ಭಾರ ಎಲ್ಲ ಈ ಕಾಲಿನ ಮೇಲೆ ಬೀಳುತ್ತೆ. ನಾನು ಮಾಡೋಲ್ಲ. ಮುಂದಿನ ಸಲ ಬರುವಾಗ ಅಜ್ಜಿಯನ್ನೂ ಕರೆತರೋಕೆ ಹೇಳಿ.”

ಕರೆಯುವ ಅಗತ್ಯವೇ ಇರಲಿಲ್ಲ. ಅತ್ತೆ ತಾವೇ ಹೊರಟಿದ್ದರು. “ಇವಳಿಗೆ ಬಾಯಿಲ್ಲ. ಡಾಕ್ಟ್ರು ಎಡಗಾಲು ಆಗಲ್ಲ ಅಂದ್ರೆ ತಲೆ ಆಡಿಸಿ ಬಂದುಬಿಡ್ತಾಳೆ. ಜಗಳಾಡಾಕೆ ಒಬ್ಬರು ಬ್ಯಾಡ್ವಾ?” ಎಂದು ಸಂಚಿ ಕಟ್ಟಿಕೊಂಡು ಬಂದಿದ್ದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಸಾಲಾಗಿ ಕುರ್ಚಿಗಳಿವೆ. ಅತ್ತೆ ಅವುಗಳನ್ನು ಒಮ್ಮೆ ನೋಡಿ, ಅವುಗಳ ಮುಂದೆ ನುಣ್ಣಗಿದ್ದ ನೆಲದ ಮೇಲೆ ಕೂತರು. ಸೊಸೆ ಪಕ್ಕದಲ್ಲಿ ನಿಂತರು. ಮಗ ತಲೆಯ ಮೇಲೆ ಕೈಹೊತ್ತು ಇಬ್ಬರ ನಡುವೆ ಕೂರಲೂ ಆಗದೆ ನಿಲ್ಲಲೂ ಆಗದೆ ಓಡಾಡುತ್ತಿದ್ದ. ಬಾಗಿಲು ತೆರೆದ ಡಾಕ್ಟರು ಈ ಪ್ರದರ್ಶನವನ್ನು ಕಣ್ತುಂಬ ನೋಡಿ, ಸೊಸೆಯನ್ನು ಬಿಟ್ಟು ನೇರವಾಗಿ ಅತ್ತೆಗೆ ಕೈಮುಗಿದರು.

“ಅಜ್ಜೀ, ಮೊದಲು ನಿಮ್ಮನ್ನ ನೋಡ್ಬೇಕು ನಾನು. ದಿನಾ ಕೆಟ್ಟ ಮೊಣಕಾಲು ನೋಡಿ ನೋಡಿ ಸಾಕಾಗೈತೆ. ಒಂದು ಒಳ್ಳೆ ಮೊಣಕಾಲು ಹೆಂಗಿರ್ತೈತೆ ಅಂತ ನೋಡಾನ.”

ಅತ್ತೆ ಸೆರಗು ಸರಿಮಾಡಿಕೊಂಡರು. “ನೋಡ್ರಿ. ನಿಮ್ಮ ಹುಡುಗ್ರಿಗೂ ತೋರ್ಸ್ರಿ, ಕಲೀಲಿ,” ಎಂದರು.

ಪರೀಕ್ಷೆ ಮಾಡುವ ಮೇಜು ಎದೆಮಟ್ಟದ್ದು. ಅತ್ತೆ ಸ್ಟೂಲಿನ ಮೇಲೆ ಕಾಲಿಟ್ಟು, ನರ್ಸು ನೀಡಿದ ಕೈಯನ್ನು ತಳ್ಳಿ, ತಾವೇ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ಡಾಕ್ಟರು ಒಂದು ಮೊಣಕಾಲನ್ನು ಒತ್ತಿ, ಬಗ್ಗಿಸಿ, ಕಿವಿಗೊಟ್ಟು ಕೇಳಿದರು. “ಸದ್ದೇ ಇಲ್ವಲ್ಲ ಅಜ್ಜಿ!” ಎಂದರು. “ಎಣ್ಣೆ ಹಾಕಿದ ಬಾಗ್ಲು,” ಎಂದರು ಅತ್ತೆ. ಇದರ ನಡುವೆಯೇ ಡಾಕ್ಟರು ಹಿಂದಕ್ಕೆ ತಿರುಗದೆ, ಏನೂ ವಿಶೇಷವಿಲ್ಲವೆಂಬಂತೆ, “ಅಮ್ಮಾ, ನೀವು ಕೂತ್ಕೊಳ್ರಿ,” ಎಂದರು.

ಸೊಸೆ ಒಮ್ಮೆ ಮೇಲೆ ನೋಡಿದರು. ಅತ್ತೆ ಸೀಲಿಂಗ್ ಫ್ಯಾನಿಗೆ ಹತ್ತಿರವಾಗಿದ್ದರು. ಕುರ್ಚಿಯನ್ನು ನೋಡಿದರು. ಆಮೇಲೆ ಮೆಲ್ಲಗೆ, ಎರಡೂ ಕೈಯಿಂದ ಕುರ್ಚಿಯ ಕೈ ಹಿಡಿದು ಕೂತರು. ಪೂರ್ತಿ ಕೂತರು, ಬೆನ್ನು ಕೂಡ ಕುರ್ಚಿಗೆ ತಾಗಿತು. ಆಕೆಯ ಬಾಯಿಂದ ಹೊರಟ ಉಸಿರು ಎಷ್ಟು ಉದ್ದವಿತ್ತೆಂದರೆ ಕೋಣೆಯಲ್ಲಿದ್ದವರೆಲ್ಲ ಆ ಕಡೆ ತಿರುಗಿದೆವು.

ಅತ್ತೆ ಮೇಜಿನ ಅಂಚಿಗೆ ಬಗ್ಗಿದರು. ಮೇಲಿನಿಂದ ಸೊಸೆಯನ್ನು ದಿಟ್ಟಿಸಿ ನೋಡಿದರು. ಅಷ್ಟು ಹೊತ್ತೂ ತಮ್ಮ ಮೊಣಕಾಲಿನ ಮೇಲಿದ್ದ ಅವರ ಗಮನ ಮೊದಲ ಸಲ ಆ ಊದಿದ ಕಾಲಿಗೆ ಹೋಯಿತು.

“ಇಷ್ಟೇನೇನೇ? ನಾನು ಮ್ಯಾಲಿದ್ರೆ ನೀನು ಕುಂದ್ರುತೀಯಾ?”

“ಹೂಂ ಅತ್ತೆಮ್ಮಾ.”

“ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ?”

“ಮ್ಯಾಲೆ ಕುಂದ್ರಿ ಅಂತ ನಾನು ನಿಮಗೆ ಹೇಳಾಕಾಗ್ತೈತಾ?”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ.

ಕುರ್ಚಿಗೆ ಮಾತ್ರ ಅತ್ತೆ ಕೊನೆಯವರೆಗೂ ಒಪ್ಪಲಿಲ್ಲ. ದಾರಿಯನ್ನು ಅವರೇ ಹುಡುಕಿಕೊಂಡರು. ಸೊಸೆಯ ಮೊಮ್ಮಗನ ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ಒಂದು ದಿವಾನ ಮಂಚ, ಯಾರೂ ಕೂರದೆ, ಮಡಚಿದ ಕೌದಿಗಳನ್ನು ಹೊತ್ತು ಮೂಲೆಯಲ್ಲಿತ್ತು. ಊರಿಗೆ ಹೋದ ದಿನವೇ ಅದನ್ನು ಪಡಸಾಲೆಯ ಗೋಡೆಗೆ ಒತ್ತರಿಸಿ ಹಾಕಿಸಿದರು. ಅಳೆದು ನೋಡಿದರೆ ಕುರ್ಚಿಗಿಂತ ಅದೇ ಒಂದು ಗೇಣು ತಗ್ಗು. ಮಗ ನಾಲ್ಕು ಕಾಲಿಗೂ ಬಂಡೆಚೂರು ಕೊಟ್ಟು ಎತ್ತರಿಸಿ, ಅಲ್ಲಾಡದಂತೆ ಸಿಮೆಂಟು ಮೆತ್ತಿದ. ಹತ್ತಲು ಒಂದು ಮಣೆ ಇಟ್ಟ. ಎಲ್ಲ ಆದ ಮೇಲೆ ಅತ್ತೆ ತಮ್ಮ ಹಳೆಯ ಚಾಪೆಯನ್ನು ತರಿಸಿ ದಿವಾನದ ಮೇಲೆ ಹಾಸಿಸಿದರು.

ನಾನು ಮುಂದಿನ ಸಲ ಹೋದಾಗ ಅತ್ತೆ ಗದ್ದುಗೆಯ ಮೇಲೆ ಸ್ವಾಮಿಗಳು ಕೂತಂತೆ ಕೂತಿದ್ದರು. ಕೆಳಗೆ ಕುರ್ಚಿಯಲ್ಲಿ ಸೊಸೆ, ಮುಂದೆ ಮಣೆಯ ಮೇಲೆ ಕಾಲು ಚಾಚಿಕೊಂಡು. ಸೇಂಗಾ ಚೀಲಕ್ಕೆ ನೆಲವೇ ಗತಿಯಾಗಿತ್ತು.

“ಮೇಲೆ ಕೂತುಬಿಟ್ರಲ್ಲ ಅಜ್ಜಿ,” ಎಂದು ಕೆಣಕಿದೆ.

“ಯಾರು ಮ್ಯಾಲೆ ಕುಂತೋರು? ನಾನು ಚಾಪೆ ಮ್ಯಾಲೆ ಕುಂತೀನಿ. ಕಣ್ಣು ಕಾಣಲ್ಲೇನು?” ಎಂದು ಚಾಪೆಯ ಅಂಚನ್ನು ಎತ್ತಿ ತೋರಿಸಿದರು. ಆಮೇಲೆ ಕಿಟಕಿಯತ್ತ ಗದ್ದ ಎತ್ತಿ ದನಿ ತಗ್ಗಿಸಿದರು. “ಇಲ್ಲಿಂದ ಬೀದಿ ಎಲ್ಲಾ ಕಾಣ್ತೈತೆ ಕಣೇ. ಯಾರ ಮನ್ಯಾಗೆ ಹಪ್ಪಳ ಒಣಗಾಕ್ಯಾರೆ, ಯಾರ ಮನೆಗೆ ಯಾವ ನೆಂಟ್ರು ಬಂದಾರೆ, ಒಂದೂ ತಪ್ಪಲ್ಲ. ಇಷ್ಟು ವರ್ಷ ನೆಲದ ಮ್ಯಾಲೆ ಕುಂತು ಏನೇನು ಕಳ್ಕಂಡ್ನೋ!”

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಾನು ಪ್ರಶ್ನೆಗಳಿಗೆ ಕೈಹಾಕಿದೆ. ನಿಂತಾಗ ಸ್ವಲ್ಪ. ನಡೆಯುವಾಗ ಇಲ್ಲ. ಕೂತಾಗ? “ಐತವ್ವಾ. ಬಾಳ ಹೊತ್ತು ಕುಂತ್ರೆ ಹಿಡ್ಕಂತೈತೆ. ಸ್ವಲ್ಪ ಅಂತ ಹಾಕು.” ಅಧ್ಯಯನದ ಲೆಕ್ಕದಲ್ಲಿ ಆಕೆಯ ಮೊಣಕಾಲು ಆ ಒಂದು ಪ್ರಶ್ನೆಯಲ್ಲಿ ಹಿಂದೆ ಬಿದ್ದಿತು. ಇಷ್ಟು ಸಂತೋಷದಿಂದ ನಾನು ಯಾರ ನೋವನ್ನೂ ಬರೆದುಕೊಂಡವಳಲ್ಲ. ಊತ ಇಳಿದು ಪಾದದ ಗಂಟು ಕಾಣುತ್ತಿತ್ತು. ಒತ್ತಿದರೆ ಗುಳಿ ಬೀಳುತ್ತಿರಲಿಲ್ಲ.

ಡಾಕ್ಟರು ಆ ಕಾಲನ್ನು ನೋಡಿ, ಎಡಗಾಲಿಗೆ ದಿನ ಗೊತ್ತು ಮಾಡಿದರು.

ಆಪರೇಷನ್ನಿನ ಬೆಳಿಗ್ಗೆ ಬೇರೆ ಕೆಲಸಕ್ಕೆಂದು ವಾರ್ಡಿಗೆ ಹೋದವಳು ಅವರ ಹಾಸಿಗೆಯ ಹತ್ತಿರ ನಿಂತೆ. ಬಲಗಾಲಿನ ಸಲ ಅತ್ತೆ ಜೊತೆಗೆ ಬಂದಿರಲಿಲ್ಲ; ಈ ಸಲ ಬಂದಿದ್ದರಿಂದ ಅಲ್ಲಿ ಹೊಸದೊಂದು ತಕರಾರು ಶುರುವಾಗಿತ್ತು. ಆಸ್ಪತ್ರೆಯ ಮಂಚ ಎತ್ತರದ್ದು. ಜೊತೆಗಿರುವವರಿಗೆ ಹಾಕಿರುವ ಬೆಂಚು ಮೊಣಕಾಲಿಗಿಂತ ತಗ್ಗು. ಸೊಸೆ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು, ಮಂಚ ಹಿಡಿದುಕೊಂಡು ನಿಂತಿದ್ದರು. ಮಲಗಲು ಒಲ್ಲರು. ನರ್ಸು ಎರಡು ಸಲ ಹೇಳಿ ಹೋಗಿದ್ದರಂತೆ. ಮಗ ಕೈಚೆಲ್ಲಿ ಕಿಟಕಿಗೆ ಮುಖ ಮಾಡಿದ್ದ.

ಅತ್ತೆ ತಗ್ಗು ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುವುದನ್ನು ನಿಲ್ಲಿಸಿದರು.

“ಹತ್ತೇ ಮ್ಯಾಲೆ.”

“ನೀವು ಕೆಳಗಿದ್ದೀರಿ ಅತ್ತೆಮ್ಮಾ.”

“ಇರ್ಲಿ. ಇವತ್ತೊಂದಿನ ನಾನು ಸೊಸೆ, ನೀನು ಅತ್ತೆ. ಆತಾ? ನಾಳೆ ಮತ್ತೆ ನನ್ನ ಸೊಸೆ ಆಗೋಳಿಗೆ ಎರಡೂ ಕಾಲು ನೆಟ್ಟಗಾಗಬೇಕು. ಹತ್ತು.”

ಸೊಸೆ ಮಂಚದ ಕಡೆ ತಿರುಗಿದರು. ಮಗ ತಿರುಗಿ ಕೈ ಕೊಟ್ಟ. ಆಕೆ ಹತ್ತಿ, ಅಂಗಿಯನ್ನು ಕಾಲಿನವರೆಗೆ ಎಳೆದುಕೊಂಡು, ದಿಂಬಿಗೆ ತಲೆ ಇಟ್ಟರು. ಮೇಲಿನಿಂದ ಅತ್ತೆಯ ನೆತ್ತಿ ಕಾಣುವುದು ಆಕೆಗೆ ಹೊಸದಿರಬೇಕು. ನೋಡಿಯೂ ನೋಡದಂತೆ ನೋಡಿದರು. ಕಣ್ಣಲ್ಲಿ ನೀರಿತ್ತು, ತುಟಿಯ ಮೂಲೆಯಲ್ಲಿ ನಗುವೂ ಇತ್ತು.

“ಹಂಗಾರೆ ಒಂದು ಲೋಟ ನೀರು ತಂದುಕೊಡ್ರಿ ಅತ್ತೆಮ್ಮಾ.”

ಅತ್ತೆ ಎಲೆಯನ್ನು ದವಡೆಗೆ ಸೇರಿಸಿ, ನನ್ನ ಕಡೆ ತಿರುಗಿದರು.

“ನೋಡಿದ್ಯೇನೇ? ಅತ್ತೆ ಆಗಿ ಒಂದು ಗಳಿಗೆ ಆಗಿಲ್ಲ, ಆಗ್ಲೇ ಕೆಲಸ ಹೇಳಾಕೆ ನಿಂತಳು. ಆಪರೇಷನ್ ಆಗೋತನ ನೀರು ಕುಡಿಯಂಗಿಲ್ಲ ಅಂತ ನರ್ಸಮ್ಮ ಹೇಳಿಲ್ವೇನೇ? ಬಾಯಿ ಮುಚ್ಕಂಡು ಮಲಕ್ಕ!”